ತಂಬಾಕಿನ ಮುಂದಿಟ್ಟ ಬೆಲ್ಲ

ಮಾವಶಿ, ಕಂಪನಿಗೆ ಸುಳ್ಳು ಬರೆದುಕೊಟ್ಟವಳು ನಿಮ್ಮ ಮಗಳು ಸುನಂದಕ್ಕ ಅಲ್ಲ, ನಾನು. ನಿಮ್ಮ ತಂಬಾಕಿನ ಅಂಗಡಿಯನ್ನು ಕಿರಾಣಿ ಅಂಗಡಿ ಎಂದು ಫೋನಿನಲ್ಲಿ ತುಂಬಿದವನು ನಾನು. ಸಿಕ್ಕಿಬೀಳುವ ಹೊತ್ತು ಬಂದಾಗ ಅದನ್ನು ಅವಳ ತಲೆಗೆ ಕಟ್ಟಿದವನೂ ನಾನು. ಆಮೇಲೆ ನಿಮ್ಮೆದುರಿಗೇ, ನಾಲ್ಕು ಜನರೆದುರಿಗೇ, ದೇವಿಯ ಭಂಡಾರದ ಅರಿಶಿನ ಮುಟ್ಟಿ ಆಣೆ ಮಾಡಿದೆನಲ್ಲ — ಅದೂ ಸುಳ್ಳು.

ಇಷ್ಟು ಹೇಳಲು ನನಗೆ ಮೂರು ವರ್ಷ ಬೇಕಾಯಿತು. ಎಷ್ಟೋ ಸಲ ಹೇಳಬೇಕೆಂದೇ ನಿಮ್ಮ ಮನೆಗೆ ಬಂದಿದ್ದೇನೆ. ನೀವು ಬಾಗಿಲಲ್ಲೇ ‘ಬಾರೋ ಮಾರುತಿ, ಚಾ ಮಾಡ್ತೀನಿ’ ಅನ್ನುತ್ತಿದ್ದಿರಿ, ನಾನು ಚಹಾ ಕುಡಿದು, ಊರ ಸುದ್ದಿ ಮಾತಾಡಿ, ಎದ್ದು ಹೋಗುತ್ತಿದ್ದೆ. ಅಷ್ಟು ಧೈರ್ಯವಂತ ನಾನು. ಅದಕ್ಕೇ ಈಗ ಬರೆಯುತ್ತಿದ್ದೇನೆ. ನಿಮಗೆ ಗೊತ್ತಿರುವ ಸಂಗತಿಗಳನ್ನೂ ಬಿಡದೆ ಬರೆಯುತ್ತೇನೆ, ಯಾಕೆಂದರೆ ಈ ಕಾಗದವನ್ನು ನೀವೊಬ್ಬರೇ ಓದಿದರೆ ಸಾಲದು. ಅವತ್ತು ನನ್ನ ಆಣೆ ಕೇಳಿದವರೆಲ್ಲರೂ ಓದಬೇಕು.

ನಿಮ್ಮ ಯಜಮಾನರ ವಖಾರಿಯಲ್ಲಿ, ತಂಬಾಕಿನ ಆ ಗೋದಾಮಿನಲ್ಲಿ, ನನ್ನವ್ವ ಹದಿನೆಂಟು ವರ್ಷ ಮೂಗಿಗೆ ಬಟ್ಟೆ ಕಟ್ಟಿಕೊಂಡು ತಂಬಾಕು ಸೋಸಿದಳು. ಅದೇ ಕೂಲಿಯಲ್ಲಿ ನಾನು ಶಾಲೆ ಕಲಿತೆ; ರಕ್ತಸಂಬಂಧವಿಲ್ಲದಿದ್ದರೂ ನಿಮ್ಮನ್ನು ಮಾವಶಿ, ಅವ್ವನ ತಂಗಿ, ಎಂದೇ ಕರೆದೆ. ತಂಬಾಕು ಒಳ್ಳೆಯದು ಎಂದು ನಾನು ಯಾವತ್ತೂ ಹೇಳುವುದಿಲ್ಲ — ಅವ್ವನ ಕೆಮ್ಮು ಕೇಳುತ್ತ ಬೆಳೆದವನು ಹಾಗೆ ಹೇಳಲಾರ. ಆದರೆ ನಿಪ್ಪಾಣಿಯಲ್ಲಿ ಅದು ಕದ್ದು ಮಾಡುವ ಕೆಲಸವಲ್ಲ. ಹೊಲದಲ್ಲಿ ಬೆಳೆಯುತ್ತಾರೆ, ಪೇಟೆಯಲ್ಲಿ ಕೊಳ್ಳುತ್ತಾರೆ, ಸರಕಾರ ತೆರಿಗೆ ತೆಗೆದುಕೊಳ್ಳುತ್ತದೆ. ಯಜಮಾನರು ತೀರಿಹೋದ ಮೇಲೆ ನೀವು ವಖಾರಿ ಬಿಟ್ಟು ಪೇಟೆಯಲ್ಲಿ ಸಣ್ಣ ಅಂಗಡಿ ಇಟ್ಟಾಗ, ಪರವಾನಗಿಯ ಕಾಗದಕ್ಕೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದಿರಿ.

ನಾನು ಆಗ ಫೋನಿನಲ್ಲಿ ಹಣ ಪಾವತಿ ಮಾಡಿಸುವ ಒಂದು ಕಂಪನಿಗೆ ಸೇರಿದ್ದೆ. ಅಂಗಡಿ ಅಂಗಡಿಗೆ ಹೋಗುವುದು, ಸ್ಕ್ಯಾನ್ ಮಾಡುವ ಹಲಗೆ ಅಂಟಿಸುವುದು, ಹಣ ಬಂತೆಂದು ಕೂಗಿ ಹೇಳುವ ಡಬ್ಬಿ ಇಡುವುದು — ಇದೇ ಕೆಲಸ. ಕಂಪನಿ ನಮಗೊಂದು ಪಟ್ಟಿ ಕೊಟ್ಟಿತ್ತು. ಸಾರಾಯಿ, ಲಾಟರಿ, ಪಟಾಕಿ, ತಂಬಾಕು — ಇಂಥ ಅಂಗಡಿಗಳಿಗೆ ನಮ್ಮ ಸೇವೆ ಇಲ್ಲ. ಕಾಯ್ದೆ ಬೇಡ ಅಂದಿಲ್ಲ, ಕಂಪನಿ ಬೇಡ ಅಂದಿತ್ತು. ಯಾಕೆ ಎಂದು ಒಂದು ಸಲ ಕೇಳಿದ್ದಕ್ಕೆ, ಚಿಕ್ಕೋಡಿಯಲ್ಲಿ ಕೂರುತ್ತಿದ್ದ ನಮ್ಮ ಮ್ಯಾನೇಜರ್ ನಕ್ಕುಬಿಟ್ಟರು. ‘ಕೇಳಾಂವ ನೀ ಯಾರು, ಹೇಳಾಂವ ನಾ ಯಾರು? ಹೆಂಗರೆ ಮಾಡಿ ತಿಂಗಳಾ ಇಷ್ಟ ಅಂಗಡಿ ಅನ್ನೂ ಲೆಕ್ಕಾ ತುಂಬಸು.’

ಅವರು ‘ಹೆಂಗರೆ’ ಅಂದರು, ಅಷ್ಟೆ. ಮುಂದಿನದೆಲ್ಲ ನನ್ನದೇ ಬುದ್ಧಿ. ಅದನ್ನು ಅವರ ಮೇಲೆ ಹಾಕುವುದಿಲ್ಲ.

ನಾನು ನಿಮ್ಮ ಅಂಗಡಿಗೆ ಬರುವ ಮೊದಲೇ ಎರಡು ಕಂಪನಿಯವರು ನಿಮ್ಮನ್ನು ಬೇಡ ಅಂದಿದ್ದರು. ಕಾಗವಾಡ, ಅಥಣಿ ಕಡೆಯಿಂದ ಬರುವ ಗಿರಾಕಿಗಳು ಜೇಬಿನಲ್ಲಿ ರೊಕ್ಕ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದರು. ನಿಮ್ಮಲ್ಲಿ ಸ್ಕ್ಯಾನ್ ಇಲ್ಲ ಅಂದ ಕೂಡಲೇ ತಂಬಾಕಿನ ಪುಡಿಯನ್ನು ಅಂಗೈಯಿಂದ ಝಾಡಿಸಿ ಮುಂದೆ ಹೋಗಿಬಿಡುತ್ತಿದ್ದರು. ನೀವು ನನ್ನ ಕೈ ಹಿಡಿದು ಕೇಳಿದ್ದು ಇನ್ನೂ ನೆನಪಿದೆ — ‘ನಂದೇನ್ ಕಳ್ಳ ಧಂದೇನಪಾ? ನೀನರ ಒಂದು ದಾರಿ ನೋಡು.’

ನಾನು ದಾರಿ ನೋಡಿದೆ. ಪಕ್ಕದ ಬಾಳಪ್ಪನ ಅಂಗಡಿಯಿಂದ ಎರಡು ಬೆಲ್ಲದ ಪೆಂಟೆ, ಒಂದು ಶೇಂಗಾ ಚೀಲ, ಒಂದಿಷ್ಟು ಸಾಬೂನು ತಂದು ನಿಮ್ಮ ತಂಬಾಕಿನ ಚೀಲಗಳ ಮುಂದೆ ಜೋಡಿಸಿದೆ. ನೀವು ನಕ್ಕಿರಿ. ‘ನನ್ನ ಅಂಗಡ್ಯಾಗ ಬೆಲ್ಲ ಯಾಕಲೇ?’ ಅಂದಿರಿ. ‘ಫೋಟೋ ಚಲೋ ಬರ್ತೈತ್ರಿ ಮಾವಶಿ’ ಅಂದೆ. ಹಬ್ಬಕ್ಕೆ ಅಂಗಡಿ ಸಿಂಗರಿಸಿದ ಹಾಗೆ ನೀವೂ ಸೆರಗು ಸರಿಮಾಡಿಕೊಂಡು ನಿಂತಿರಿ. ಆ ಫೋಟೋದಲ್ಲಿ ನೀವು ನಗುತ್ತಿದ್ದೀರಿ. ಮುಂದೆ ಅದೇ ಫೋಟೋವನ್ನು ನಿಮ್ಮ ಮೋಸಕ್ಕೆ ಸಾಕ್ಷಿ ಎಂದು ಇಟ್ಟುಕೊಂಡರು.

ನಿಮ್ಮದು ಗುಂಡಿ ಒತ್ತುವ ಫೋನು. ಅದಕ್ಕೇ ಸುನಂದಕ್ಕನ ನಂಬರು ಹಾಕಿದೆವು. ರಾಯಬಾಗದಲ್ಲಿ ಗಂಡನ ಮನೆಯಿದ್ದರೂ ವಾರಕ್ಕೆರಡು ದಿನ ಬಂದು ನಿಮಗೆ ನೆರವಾಗುತ್ತಿದ್ದಳಲ್ಲ, ಅವತ್ತೂ ಬಂದಿದ್ದಳು. ಅವಳ ಫೋನಿಗೆ ಬಂದ ಅಂಕಿಗಳನ್ನು ಓದಿ ಹೇಳಿದಳು, ನಾನು ಒತ್ತಿದೆ. ಅವಳು ಮಾಡಿದ್ದು ಅಷ್ಟೇ. ಅಷ್ಟೇ ಅಲ್ಲ — ಒಂದು ಮಾತು ಕೇಳಿದಳು ಕೂಡ. ‘ತಂಬಾಕ ಅಂತನ ಬರದಿ ಹೌದಲ್ಲೋ?’

‘ಹೌದ್ರೀ ಅಕ್ಕಾ, ಎಲ್ಲಾ ಬರೋಬರಿ ಐತಿ’ ಅಂದೆ. ನೀವು ಆಗ ತಕ್ಕಡಿ ಹಿಡಿದು ಗಿರಾಕಿಯ ಜೊತೆ ಮಾತಾಡುತ್ತಿದ್ದಿರಿ. ಕೇಳಿಸಿಕೊಳ್ಳಲಿಲ್ಲ.

ಏಳು ತಿಂಗಳು ಡಬ್ಬಿ ಚೆನ್ನಾಗಿಯೇ ಕೂಗಿತು. ನೀವು ಪೇಟೆಯಲ್ಲಿ ಎಲ್ಲರಿಗೂ ‘ನಮ್ಮ ಮಾರುತಿ ಮಾಡಿಸಿ ಕೊಟ್ಟ’ ಎಂದು ಹೇಳಿಕೊಂಡಿರಿ. ನನಗೂ ಹೆಮ್ಮೆ — ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಗ ನಿಜಕ್ಕೂ ಹೆಮ್ಮೆ. ಆಮೇಲೆ ಒಂದು ಮಧ್ಯಾಹ್ನ ಕಂಪನಿಯಿಂದ ಯಾರೋ ಗುರುತು ಹೇಳದೆ ಬಂದು, ಕಾಲು ಕಿಲೋ ತಂಬಾಕು ಕೊಂಡು, ಸ್ಕ್ಯಾನ್ ಮಾಡಿ, ಒಳಗಿನ ಚೀಲಗಳ ಫೋಟೋ ತೆಗೆದುಕೊಂಡು ಹೋದರು. ಮರುದಿನದಿಂದ ಡಬ್ಬಿ ಕೂಗುತ್ತಿತ್ತು, ಆದರೆ ಕಂಪನಿ ತಡೆಹಿಡಿದ ಹಣ ನಿಮ್ಮ ಕೈಸೇರುತ್ತಿರಲಿಲ್ಲ.

ಸಂಜೆಯೊಳಗೆ ವಿವರಣೆ ಕೊಡು, ಇಲ್ಲದಿದ್ದರೆ ಕೆಲಸ ಬಿಡು ಎಂದು ನನಗೆ ಫೋನು ಬಂತು. ಚಿಕ್ಕೋಡಿಯ ಆಫೀಸಿನಲ್ಲಿ ಕೂತೆ. ಬೆವರಿಗೆ ಫೋನಿನ ಪರದೆ ಒದ್ದೆಯಾಗಿ ಅಕ್ಷರ ಮೂಡುತ್ತಿರಲಿಲ್ಲ. ಒರೆಸಿ ಒರೆಸಿ ಬರೆದೆ. ಎರಡೇ ಸಾಲು. ‘ಕಿರಾಣಿ ಅಂಗಡಿ ಎಂದು ಮಾಲೀಕರ ಮಗಳು ತಿಳಿಸಿದರು. ಫೋಟೋಗೆ ಸಾಮಾನನ್ನೂ ಅವರೇ ಹೊಂದಿಸಿಟ್ಟರು.’ ನನ್ನ ಕೆಲಸ ಉಳಿಯಿತು.

ತಂಬಾಕು ಎಂಬ ಕಾರಣಕ್ಕಷ್ಟೇ ಕಂಪನಿ ಬೇಡ ಅಂದಿದ್ದರೆ ನೀವು ಬೈದು ಸುಮ್ಮನಾಗುತ್ತಿದ್ದಿರಿ. ಆದರೆ ನನ್ನ ಎರಡು ಸಾಲು ನೋಡಿ ಅವರು ಮೋಸಗಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಬರೆದರು. ಆ ಪಟ್ಟಿಯನ್ನು ಒಂದು ಕಂಪನಿ ಬರೆದರೆ ಉಳಿದ ಕಂಪನಿಯವರೆಲ್ಲರೂ ಓದುತ್ತಾರಂತೆ. ಬ್ಯಾಂಕಿನವರೂ ಕಾರ್ಡಿನ ಮಶೀನು ಕೊಡಲಿಲ್ಲ. ತಂಬಾಕಿನ ಪೇಟೆಯಲ್ಲಿ ರೈತರು ಮಾತಿನ ಮೇಲೆ ಮಾಲು ಬಿಟ್ಟುಹೋಗುತ್ತಾರೆ, ಕಾಗದ ಕೇಳುವುದಿಲ್ಲ. ಅಂಥಲ್ಲಿ ‘ಆಕಿ ಕಂಪನೀಗೆ ಟೋಪಿ ಹಾಕ್ಯಾಳಂತ’ ಎಂಬ ಮಾತು ಹಬ್ಬಿತು. ನಿಮಗೆ ಮಲಗಿದರೆ ನಿದ್ದೆಯಿಲ್ಲ, ಕೂತರೆ ಸಮಾಧಾನವಿಲ್ಲ. ನನ್ನನ್ನು ಕರೆಸಿದಿರಿ.

ನೀವು ಕೇಳಿದಾಗಲಾದರೂ ಹೇಳಬಹುದಿತ್ತು. ಅಂಗಡಿಯ ಮುಂದೆ ಬಾಳಪ್ಪ ಇದ್ದ, ಇನ್ನೂ ಐದಾರು ಜನ ಇದ್ದರು. ಬೆಲ್ಲ ಯಾರು ಒಯ್ದರು ಎಂದು ಬಾಳಪ್ಪನಿಗೆ ಗೊತ್ತಿತ್ತು, ಯಾಕೆ ಒಯ್ದರು ಎಂದು ಗೊತ್ತಿರಲಿಲ್ಲ. ನಾನು ತಲೆ ತಗ್ಗಿಸಿ, ಬಹಳ ಸಂಕಟಪಡುವವನ ಹಾಗೆ, ಹೇಳಿದೆ — ‘ಅಕ್ಕಾರ ಹಂಗ ಬರಿ ಅಂದ್ರು, ಬೆಲ್ಲಾ ತಾ ಅಂತನೂ ಅವರ ಅಂದ್ರು. ನಾ ಏನ್ ಮಾಡ್ಲಿ ಮಾವಶಿ?’

ಸುನಂದಕ್ಕ ನನ್ನ ಮುಖವನ್ನೇ ನೋಡಿದಳು. ಬೈಯಲಿಲ್ಲ. ಅವಳು ಆಗ ಐದು ತಿಂಗಳ ಬಸುರಿ. ‘ಅವ್ವಾ, ನಾ ಅಂದಿಲ್ಲ’ ಅಂದಳು.

ನೀವು ಗೋಡೆಯಲ್ಲಿನ ದೇವರ ಮಾಡದಿಂದ ಚಿಂಚಲಿ ಮಾಯಕ್ಕನ ಭಂಡಾರದ ಬಟ್ಟಲು ತೆಗೆದು ಕಟ್ಟೆಯ ಮೇಲಿಟ್ಟಿರಿ. ನಮ್ಮ ಪೇಟೆಯ ಪದ್ಧತಿ ನನಗೆ ಗೊತ್ತಿಲ್ಲವೇ? ಆ ಅರಿಶಿನದ ಪುಡಿ ಮುಟ್ಟಿ ಆಡಿದ ಮಾತನ್ನು ಯಾರೂ ಮತ್ತೆ ಎತ್ತುವುದಿಲ್ಲ, ಅಲ್ಲಿಗೆ ಜಗಳ ಮುಗಿಯಿತು. ‘ಇಬ್ರೂ ಮುಟ್ರಿ’ ಅಂದಿರಿ.

ನಾನು ಮುಟ್ಟಿದೆ. ಬೆರಳು ಹಳದಿಯಾಯಿತು. ಬೇರೆ ಏನೂ ಆಗಲಿಲ್ಲ — ಆಗುತ್ತದೆಂದು ನಾನು ಕಾಯುತ್ತಿದ್ದೆ, ನಿಜ. ಏನಾದರೂ ಆಗಿದ್ದರೆ ಚೆನ್ನಾಗಿತ್ತು.

ಸುನಂದಕ್ಕ ಮುಟ್ಟಲಿಲ್ಲ. ‘ನಾ ಅಂದಿಲ್ಲ ಅಂತ ಹೇಳೀನಿ. ಹಡದ ಅವ್ವಗ ನನ್ನ ಮಾತ ಸಾಲಂಗಿಲ್ಲಂದ್ರ ಆಣಿ ಯಾಕ ಮಾಡ್ಲಿ?’

‘ಖರೇ ಇದ್ರ ಮುಟ್ಟಾಕ ಏನ್ ಧಾಡಿ ನಿನಗ?’ ಅಂದಿರಿ ನೀವು. ಅವಳು ಕೈಚೀಲ ತೆಗೆದುಕೊಂಡಳು. ನೀವು ಅವಳ ಬೆನ್ನಿಗೆ ಹೇಳಿದಿರಿ — ‘ಹೋಗು, ಇನ್ನ ನನ್ನ ಹೊಸ್ತಲಾ ತುಳೀಬ್ಯಾಡ.’ ನನ್ನ ಬೆರಳಿಗೆ ಇನ್ನೂ ಭಂಡಾರ ಮೆತ್ತಿಕೊಂಡಿತ್ತು. ಆ ಕ್ಷಣದಲ್ಲಿ, ಅವಳು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಾಗ, ಓಡಿಹೋಗಿ ಅಡ್ಡ ನಿಲ್ಲಬಹುದಿತ್ತು. ನಿಂತಲ್ಲೇ ನಿಂತೆ.

ಅವಳ ಹೆರಿಗೆ ತವರಿನಲ್ಲಿ ಆಗಲಿಲ್ಲ. ಹೆಣ್ಣು ಕೂಸು ಹುಟ್ಟಿದ ಸುದ್ದಿ ಬಂದರೂ ನೀವು ತೊಟ್ಟಿಲ ಶಾಸ್ತ್ರಕ್ಕೆ ಹೋಗಲಿಲ್ಲ. ಆ ವರ್ಷವೇ ಅಂಗಡಿ ಮುಚ್ಚಿದಿರಿ. ಈಗ ಅಲ್ಲಿ ಫೋನಿನ ಕವರು ಮಾರುತ್ತಾರೆ. ಆದರೂ ಪ್ರತಿ ಹಬ್ಬಕ್ಕೂ ನನ್ನ ಮನೆಗೆ ಡಬ್ಬಿಯಲ್ಲಿ ಹೋಳಿಗೆ ಕಳಿಸಿದಿರಿ. ‘ಹೊಟ್ಟ್ಯಾಗ ಹುಟ್ಟಿದಾಕಿಗಿಂತ ನೀನ ಪಾಡ’ ಅಂದಿರಿ. ನಾನು ಆ ಹೋಳಿಗೆ ತಿಂದೆ, ಮಾವಶಿ. ಗಂಟಲಲ್ಲಿ ಸಿಕ್ಕಿಕೊಂಡಿತು ಎಂದೆಲ್ಲ ಬರೆದರೆ ಅದೂ ಸುಳ್ಳಾಗುತ್ತದೆ. ತುಪ್ಪ ಹಾಕಿಕೊಂಡು ತಿಂದೆ.

ಹೋದ ತಿಂಗಳು ಕಂಪನಿಯ ಕೆಲಸಕ್ಕೆ ರಾಯಬಾಗಕ್ಕೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಸುನಂದಕ್ಕ ನಿಂತಿದ್ದಳು, ಸೊಂಟದ ಮೇಲೆ ಕೂಸು. ತಪ್ಪಿಸಿಕೊಂಡು ಹೋಗೋಣವೆಂದರೆ ಅವಳೇ ಕೂಗಿದಳು. ನನ್ನನ್ನು ಬೈಯುತ್ತಾಳೆ, ಜನ ಸೇರುತ್ತಾರೆ ಎಂದುಕೊಂಡೆ. ಅವಳು ಕೇಳಿದ್ದು ಒಂದೇ — ‘ಅವ್ವ ಹೆಂಗದಾಳ? ಮೊಣಕಾಲ ನೋವು ಕಡಿಮಿ ಆತೇನು?’

ನಾನು ಅಲ್ಲೇ, ಕಬ್ಬಿನ ಟ್ರ್ಯಾಕ್ಟರುಗಳ ಗದ್ದಲದಲ್ಲಿ, ಅತ್ತುಬಿಟ್ಟೆ. ಮೂವತ್ತಾರು ವರ್ಷದ ಗಂಡಸು. ಕೂಸು ನನ್ನನ್ನು ನೋಡಿ ಹೆದರಿತು. ‘ಅಕ್ಕಾ, ನಿಮಗೆಲ್ಲಾ ಗೊತ್ತಿತ್ತು. ಯಾಕ ಸುಮ್ಮನಾದ್ರಿ?’ ಅಂದೆ.

‘ನಿನ್ನ ನೌಕರಿ ಉಳಿಸಾಕಂತ ತಿಳಕೋಬ್ಯಾಡ’ ಅಂದಳು. ‘ನನ್ನವ್ವ ಆಣಿ ಇಲ್ದನ ನಂಬತಾಳೇನು ಅಂತ ನೋಡಾಕತ್ತಿದ್ದೆ. ಇವತ್ತಲ್ಲಾ ನಾಳಿ ಆಕೀಗೇ ಅನಸ್ತೈತಿ, ನನ್ನ ಮಗಳು ಹಂಗ ಮಾಡಾಕಿ ಅಲ್ಲ ಅಂತ. ಇನ್ನೂ ಕಾಯಾಕತ್ತೀನಿ.’

‘ನಾ ನಾಳೆನ ಹೋಗಿ ಎಲ್ಲಾ ಹೇಳ್ತೀನ್ರೀ ಅಕ್ಕಾ’ ಅಂದೆ.

ಅವಳ ಬಸ್ಸು ಬಂತು. ಹತ್ತುವಾಗ ತಿರುಗಿ ಹೇಳಿದಳು — ‘ಹೇಳು. ಹೇಳಬ್ಯಾಡ ಅನ್ನಂಗಿಲ್ಲ. ಅವ್ವ ನಂಬ್ತಾಳ. ಆವಾಗೂ ನಿನ್ನ ಮಾತ ನಂಬಿದ್ಲು, ಈಗೂ ನಿನ್ನ ಮಾತ ನಂಬ್ತಾಳ.’

ಆ ಮಾತು ಕೇಳಿದ ಮೇಲೆ ಒಂದು ತಿಂಗಳು ಕೈಕಟ್ಟಿ ಕೂತೆ. ನೀವಾಗಿಯೇ ಅವಳನ್ನು ಕರೆಯಬಹುದು, ನಾಳೆ ಕರೆಯಬಹುದು — ಎಂದು ನಿಮ್ಮ ಮನೆಯ ಕಡೆ ನೋಡುತ್ತಿದ್ದೆ. ಅದೂ ನನ್ನ ಹೇಡಿತನವೇ ಇರಬಹುದು, ಅವಳ ಹೆಸರು ಹೇಳಿ ನಾನು ತಪ್ಪಿಸಿಕೊಳ್ಳುತ್ತಿದ್ದೆನೋ ಏನೋ. ಕಳೆದ ವಾರ ಆಸ್ಪತ್ರೆಯಲ್ಲಿ ನಿಮ್ಮ ಮೊಣಕಾಲಿನ ಚೀಟಿ ಬರೆಸುವಾಗ ‘ಮಕ್ಕಳು?’ ಎಂದು ಕೇಳಿದರು. ನೀವು ‘ಯಾರೂ ಇಲ್ಲ’ ಅಂದಿರಿ. ನಾನು ಪಕ್ಕದಲ್ಲೇ ನಿಂತಿದ್ದೆ. ಇನ್ನು ಕಾಯುವುದು ಸಾಧ್ಯವಿಲ್ಲ.

ಕಂಪನಿಗೆ ನಿನ್ನೆ ಬರೆದು ಕಳಿಸಿದ್ದೇನೆ — ನಾನು ಹಾಕಿದ ಕಿರಾಣಿ, ನಾನು ಇಟ್ಟ ಬೆಲ್ಲ, ನಾನು ಬರೆದ ಎರಡು ಸಾಲು. ಕೆಲಸ ಹೋಗುತ್ತದೆ, ಹೋಗಲಿ. ಪಟ್ಟಿಯಿಂದ ನಿಮ್ಮ ಹೆಸರು ತೆಗೆಯುತ್ತಾರೋ ಇಲ್ಲವೋ ತಿಳಿಯದು. ಯಾರನ್ನು ಕೇಳಬೇಕು ಎಂದರೆ ಚಿಕ್ಕೋಡಿಯಲ್ಲಿ ಯಾರಿಗೂ ಗೊತ್ತಿಲ್ಲ. ಕೇಳುತ್ತಲೇ ಇರುತ್ತೇನೆ. ಬರುವ ಸಂತೆಯ ದಿನ ಬಾಳಪ್ಪನ ಅಂಗಡಿಯ ಮುಂದೆ ನಿಂತು ಈ ಕಾಗದವನ್ನು ಎಲ್ಲರಿಗೂ ಕೇಳುವ ಹಾಗೆ ಓದುತ್ತೇನೆ. ಯಾರು ಏನು ಅಂದರೂ ಅನ್ನಿಸಿಕೊಳ್ಳುತ್ತೇನೆ.

ಕ್ಷಮಿಸಿ ಎಂದು ಬರೆದು ಹೊಡೆದುಹಾಕಿದ್ದೇನೆ, ಕಾಗದದಲ್ಲಿ ಗುರುತು ಕಾಣಿಸುತ್ತದೆ. ಅದನ್ನು ಕೇಳುವ ಮುಖ ನನಗಿಲ್ಲ. ಇದನ್ನು ಓದಿದ ಮೇಲೆ ನೀವು ರಾಯಬಾಗಕ್ಕೆ ಹೋಗುತ್ತೀರಿ, ಅಷ್ಟು ನಾನು ಬಲ್ಲೆ. ಮೊಮ್ಮಗಳನ್ನು ಎತ್ತಿಕೊಳ್ಳುತ್ತೀರಿ, ಮಗಳ ಕೈ ಹಿಡಿದು ಅಳುತ್ತೀರಿ. ಆದರೆ ಮಾರುತಿ ಹೇಳಿದ ಎಂದು ಹೋಗುತ್ತೀರಿ, ಮಾವಶಿ. ‘ನನ್ನ ಮಗಳು ಹೇಳಿದ್ದಳು, ಅಷ್ಟು ಸಾಕು’ ಎಂದು ನೀವು ಹೋಗಲಿ ಅಂತ ಅವಳು ಮೂರು ವರ್ಷ ಕಾದಳು. ಅದಕ್ಕಿದ್ದ ಅವಕಾಶವನ್ನೂ ಈ ಕಾಗದ ಕೊಟ್ಟು ನಾನು ಇಲ್ಲದಂತೆ ಮಾಡುತ್ತಿದ್ದೇನೆ.