ಅಕ್ಕನ ಕಿವಿಗೆ ನಾನು ಹೇಳದ ಮಾತು

ಮಕ್ಕಳೇ, ಇವತ್ತು ಹಿರಿಯ ಮಂತ್ರಿಯಾಗಿರುವ, ಊರೆಲ್ಲ ಅಕ್ಕ ಎಂದೇ ಕರೆಯುವ ಅವರು ತಮ್ಮ ಮೊದಲ ವಿಧಾನಸಭೆ ಚುನಾವಣೆಯಲ್ಲಿ ಸೋತಿದ್ದಕ್ಕೆ ನಾನೂ ಕಾರಣ. ಬೇಕೆಂದೇ ಮಾಡಿದೆ. "ನಮ್ಮಜ್ಜಿ ಮಂತ್ರಿಗಳಿಗೆ ಬಲು ಬೇಕಾದವರು" ಎಂದು ನೀವು ಹೇಳಿಕೊಳ್ಳುವಾಗಲೆಲ್ಲ ನನಗೆ — ಇರಲಿ, ನಡೆದದ್ದನ್ನು ಹೇಳುತ್ತೇನೆ.

ಅಕ್ಕ ಮಧುಗಿರಿ ಪೇಟೆಯವರು, ಓದಿದವರು. ಐ.ಡಿ.ಹಳ್ಳಿ ಕಡೆಯ ಊರುಗಳು ಅವರಿಗೆ ಹೊಸವು. ನಾನು ಅಲ್ಲೇ ಹುಟ್ಟಿ, ಅಲ್ಲೇ ಏಳನೇ ಕ್ಲಾಸು ಓದಿದವಳು. ನಿಮ್ಮ ತಾತ ಅವರ ಜೀಪು ಓಡಿಸುತ್ತಿದ್ದರು. ಹಾಗಾಗಿ ಪ್ರಚಾರದಲ್ಲಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಅಕ್ಕನ ಹಿಂದೆ ನಡೆಯುವುದು ನನ್ನ ಕೆಲಸವಾಯಿತು. ಪ್ರತಿ ಬಾಗಿಲಿಗೂ ಮುಂಚೆ ಅವರ ಕಿವಿಯಲ್ಲಿ ಹೇಳಬೇಕು — ಇವಳು ಯಾರ ಸೊಸೆ, ಯಾರ ಮಗಳಿಗೆ ಹೆರಿಗೆಯಾಗಿದೆ, ಯಾರ ಮನೆಯಲ್ಲಿ ಸಾವಾಗಿದೆ. ಅಕ್ಕ ಹೆಸರು ಹಿಡಿದು ಮಾತಾಡಿಸಿದರೆ ಹೆಂಗಸರು ಕರಗಿಹೋಗುತ್ತಿದ್ದರು. ನನ್ನನ್ನು ಯಾರೂ ನೋಡುತ್ತಿರಲಿಲ್ಲ. ನನಗೂ ಅದೇ ಹಿತವಾಗಿತ್ತು.

"ಮನೇಲಿ ಬಾಯೇ ಬುಡಕ್ಕಿಲ್ಲ, ಅಕ್ಕನ ಕಿವೀಲಿ ಮಾತ್ರ ರೇಡಿಯೋ ಕಣ್ಲಾ ಇವ್ಳು" ಎಂದು ನಿಮ್ಮ ತಾತ ಗೆಳೆಯರ ಮುಂದೆ ನಗುತ್ತಿದ್ದರು.

ಒಂದು ಬೆಳಗ್ಗೆ ಜೀಪಿನ ಮರೆಯಲ್ಲಿ ಅಕ್ಕನೂ ನಿಮ್ಮ ತಾತನೂ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ನಾನು ಹತ್ತಿರ ಹೋದೊಡನೆ ಇಬ್ಬರೂ ಸುಮ್ಮನಾದರು. ಅಷ್ಟೇ. ಅಷ್ಟು ಸಾಕಾಯಿತು ನನಗೆ, ಅವರಿಬ್ಬರ ನಡುವೆ ಏನೋ ಇದೆ ಎಂದುಕೊಳ್ಳಲು. ಅಕ್ಕ ಉಡಿಸಿದ ಸೀರೆ, ನನ್ನ ಪಕ್ಕ ಕೂತು ಉಂಡ ಮುದ್ದೆ — ಎಲ್ಲವೂ ನನ್ನ ಕಣ್ಣಿಗೆ ಮಣ್ಣೆರಚಲಿಕ್ಕೇ ಅನ್ನಿಸಿತು.

ಅದೇ ದಿನ ಗಂಗಮ್ಮನ ಬಾಗಿಲಿಗೆ ಹೋದೆವು. ಅವಳ ಮಗ ಮಂಜ ಲಾರಿ ಮಗುಚಿ ಸತ್ತು ಹೆಚ್ಚು ಕಾಲವಾಗಿರಲಿಲ್ಲ. ತಿಥಿಗೆ ನಾನೇ ಹೋಗಿ ಉಂಡು ಬಂದಿದ್ದೆ. ಅಕ್ಕನ ಕಿವಿಯಲ್ಲಿ ಹೇಳಿದ್ದು ಇಷ್ಟು: "ಗಂಗಮ್ಮ. ಒಬ್ನೇ ಮಗ, ಮಂಜ." ಮುಂದಿನದು ನಾಲಿಗೆಯ ತುದಿಯಲ್ಲಿತ್ತು — ನುಂಗಿದೆ.

"ಗಂಗಮ್ಮ, ಮಂಜ ಹೇಗಿದ್ದಾನಮ್ಮ? ಓಟು ಹಾಕೋಕೆ ಬರ್ತಾನೆ ತಾನೆ?"

ಗಂಗಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ಒಲದ ಬದಿನಾಗೆ ಮಲಗವ್ನೆ ಕಣವ್ವಾ. ಓಗಿ ಎಬ್ಬುಸ್ಕಂಡ್ ಬಾ, ಓಟ್ ಆಕುಸ್ಕ."

"ಸತ್ತೋರ ಓಟೂ ಬೇಕಂತಲ್ಲಪ್ಪೋ ಇವ್ರಿಗೆ!" ಎಂದು ಜಗಲಿಯಿಂದ ಯಾರೋ ಕೂಗಿದರು. ಆ ಮಾತು ನಮ್ಮ ಜೀಪಿಗಿಂತ ಮೊದಲೇ ಮುಂದಿನ ಊರು ತಲುಪಿತ್ತು. ಆ ಕಡೆಯ ಊರುಗಳೇ ಅಕ್ಕನ ಕೈಬಿಟ್ಟವು.

ಅವತ್ತು ಜೀಪಿನಲ್ಲಿ ಅಕ್ಕ ಕೇಳಿದರು, "ನಿಂಗೆ ಗೊತ್ತಿರಲಿಲ್ವಾ, ಜಯಾ?"

"ಇಲ್ಲ ಅಕ್ಕ."

ಬಹಳ ಹೊತ್ತು ನನ್ನನ್ನೇ ನೋಡಿದರು. ಮತ್ತೆಂದೂ ಕೇಳಲಿಲ್ಲ. ಮುಂದಿನ ಚುನಾವಣೆಗೆ ನನ್ನನ್ನು ಕರೆಯಲೂ ಇಲ್ಲ. ಅವರು ಗೆದ್ದರು, ಮಂತ್ರಿಯಾದರು. ಗೌರಿ ಹಬ್ಬಕ್ಕೆ ನನಗೆ ಸೀರೆ ಬರುವುದು ಮಾತ್ರ ತಪ್ಪಲಿಲ್ಲ. ನಿಮ್ಮ ತಾತ ಹೋದ ಮೇಲೂ ಬರುತ್ತದೆ. ಅದು ಪ್ರೀತಿಯೋ, ಅಥವಾ 'ನನಗೆಲ್ಲ ಗೊತ್ತು, ಜಯಾ' ಎಂಬ — ಒಂದು ಸೀರೆಯನ್ನೂ ನಿಶ್ಚಿಂತೆಯಿಂದ ಉಟ್ಟಿಲ್ಲ ನಾನು. ಯಾವ ಊರಿಗೆ ಹೋದರೂ ಅಕ್ಕ ಮೊದಲು ಕೇಳುವುದು ಯಾರ ಮನೆಯಲ್ಲಿ ಸಾವಾಗಿದೆ ಎಂದು. ಎಂಥ ಕರುಣೆ ಎಂದು ಟಿ.ವಿ.ಯಲ್ಲಿ ಹೊಗಳುತ್ತಾರೆ. ಆಗ ಅವರು ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸುತ್ತದೆ.

ಆ ಬೆಳಗ್ಗೆ ಅವರಿಬ್ಬರು ಏನು ಮಾತಾಡಿದರೋ, ನಿಮ್ಮ ತಾತನನ್ನು ನಾನು ಕೇಳಲೇ ಇಲ್ಲ. ಡೀಸೆಲ್ ಮಾತೋ, ನಾನು ಅಂದುಕೊಂಡದ್ದೇ ನಿಜವೋ. ನಿಜವೇ ಆಗಿದ್ದರೂ — ಗಂಗಮ್ಮ ಏನು ಮಾಡಿದ್ದಳು?

ಇಷ್ಟು ವರ್ಷ ಅಕ್ಕನಿಗೆ ತಪ್ಪು ಮಾಡಿದೆ ಎಂದೇ ಹೆದರಿಕೊಂಡಿದ್ದೆ. ಹೆತ್ತವಳೊಬ್ಬಳ ಬಾಯಿಂದ, ಜನರ ನಡುವೆ, ಮಗ ಸತ್ತ ಸುದ್ದಿ ಹೇಳಿಸಿದೆನಲ್ಲ — ಅದು ನೆನಪಿಗೇ ಬರಲಿಲ್ಲ. ಅಕ್ಕನಿಗೆ ಇನ್ನೊಂದು ಚುನಾವಣೆ ಸಿಕ್ಕಿತು. ಗಂಗಮ್ಮನಿಗೆ ಏನು ಸಿಕ್ಕಿತು?

ಅವಳು ಇನ್ನೂ ಅದೇ ಮನೆಯಲ್ಲಿದ್ದಾಳಂತೆ. ಈ ವಾರ ಹೋಗುತ್ತೇನೆ. ಬಾಗಿಲು ಹಾಕಿಕೊಂಡರೆ ಹೊರಗೇ ನಿಂತು ಹೇಳುತ್ತೇನೆ, ಬೀದಿಗೆಲ್ಲ ಕೇಳಿಸುವಂತೆ — ಗೊತ್ತಿತ್ತು ಗಂಗಮ್ಮ, ನನಗೆ ಗೊತ್ತಿತ್ತು.