ಊಟದ ಮೇಜಿನ ಮೇಲೆ ಇಟಲಿ

ಕೆಲಸ ಕಳೆದುಕೊಂಡ ಮೂರನೆಯ ವಾರ ನಾನು ಇಟಲಿಯನ್ನು ಒಂದುಗೂಡಿಸಲು ಹೊರಟೆ. ಚರಿತ್ರೆಯಲ್ಲಿ ಆ ಕೆಲಸ ನಡೆದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ನಾನು ಅದನ್ನು ಮುನ್ನೂರು ವರ್ಷ ಮುಂಚೆಯೇ, ಅದೂ ಥ್ಯಾಂಕ್ಸ್‌ಗಿವಿಂಗ್ ರಜೆಯೊಳಗೆ, ಮಾಡಿ ಮುಗಿಸಬೇಕಾಗಿತ್ತು.

ಎಂಟನೆಯ ತರಗತಿಯಲ್ಲಿದ್ದ ಮಗಳಿಗೆ ಶಾಲೆಯಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ಚರಿತ್ರೆಯ ಒಂದು ಘಟನೆಯನ್ನು ಬದಲಿಸಿ, ಮುಂದೆ ಏನಾಗುತ್ತಿತ್ತು ಎಂದು ಬರೆಯಬೇಕು. ಮಿಲಾನ್, ವೆನಿಸ್, ಫ್ಲಾರೆನ್ಸ್, ರೋಮ್, ನೇಪಲ್ಸ್ ಎಂದು ಹರಿದು ಹಂಚಿಹೋಗಿ ಕಚ್ಚಾಡುತ್ತಿದ್ದ ಇಟಲಿಯನ್ನು ಒಬ್ಬ ಪ್ರಚಂಡ ಸೇನಾಪತಿ ಆಗಲೇ ಒಂದು ಮಾಡಿದ್ದರೆ? ಇದು ಅವಳು ಆರಿಸಿಕೊಂಡ ವಿಷಯ. ಮಕ್ಕಳ ಪ್ರಾಜೆಕ್ಟನ್ನು ಅಪ್ಪಂದಿರು ಮಾಡುವುದು ನಮ್ಮ ಜನರಲ್ಲಿ ಹೊಸದೇನಲ್ಲ. ನಮ್ಮ ಬಡಾವಣೆಯ ಮಕ್ಕಳು ಶಾಲೆಗೆ ಒಯ್ದ ಮಾದರಿ ಜ್ವಾಲಾಮುಖಿಗಳನ್ನೆಲ್ಲ ಕಟ್ಟಿದವರು ಪಿಎಚ್‌ಡಿ ಆದವರು.

ನನಗೆ ಇನ್ನೊಂದು ಕಾರಣವೂ ಇತ್ತು. ಕೆಲಸ ಹೋದದ್ದನ್ನು ಮಗಳಿಗೆ ಹೇಳಿರಲಿಲ್ಲ. ಡಿಯರ್‌ಬಾರ್ನ್ ಹತ್ತಿರದ ಒಂದು ಕಂಪನಿಯಲ್ಲಿ ಹನ್ನೊಂದು ವರ್ಷ, ಕಾರಿನ ಬಾಗಿಲ ಸಂದಿಯಿಂದ ನೀರು ಒಳಗೆ ಬರದಂತೆ ತಡೆಯುವ ರಬ್ಬರ್ ಪಟ್ಟಿಯ ಕೆಲಸ ನೋಡಿಕೊಂಡಿದ್ದೆ. ರಿಸೆಷನ್ ಬಂತು, ನಮ್ಮ ಕಂಪನಿ ಇನ್ನೊಂದರ ಜೊತೆ ಸೇರಿತು, ಒಂದೇ ಬಾಗಿಲಿಗೆ ಇಬ್ಬರು ಎಂಜಿನಿಯರುಗಳು ಬೇಡವೆಂದು ನನ್ನ ಕೈಗೆ ಕಾಗದ ಕೊಟ್ಟರು. ಪ್ರತಿ ರಿಪೋರ್ಟ್ ಕಾರ್ಡ್ ಬಂದಾಗಲೂ, "ಚೆನ್ನಾಗಿ ಓದ್ಕೋ ಪುಟ್ಟಿ, ಓದಿದೋರ ಕೆಲಸ ಎಲ್ಲೂ ಹೋಗಲ್ಲ" ಎಂದು ಅವಳ ತಲೆ ತಿಂದವನು ನಾನು. ಈಗ ಯಾವ ಮುಖ ಇಟ್ಟುಕೊಂಡು ಹೇಳಲಿ? ಮನೆಯಿಂದಲೇ ಕೆಲಸ ಮಾಡಲು ಆಫೀಸಿನವರು ಹೇಳಿದ್ದಾರೆ ಎಂದುಬಿಟ್ಟೆ. ದಿನಾ ಬೆಳಿಗ್ಗೆ ಎಂಟಕ್ಕೆ ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಕೆಳಗೆ ಪೈಜಾಮದಲ್ಲೇ, ಊಟದ ಮೇಜಿನ ಮುಂದೆ ಕೂರುತ್ತಿದ್ದೆ.

ಹೆಂಡತಿ ಧಾರವಾಡದವಳು. ಮುಚ್ಚಿಡುವುದೆಂದರೆ ಅವಳಿಗಾಗದು.

"ಆಕಿಗೆ ನೀವ ಹೇಳ್ರಿ. ನಾ ಹೇಳಂಗಿಲ್ಲ" ಎಂದಳು. "ಇಟಲಿ ಆಮ್ಯಾಲೆ ಒಂದ್ ಮಾಡೀರಂತ. ಮೊದ್ಲ ಆ ಗ್ಯಾರೇಜ್ ಸ್ವಚ್ಛ ಮಾಡ್ರಿ."

ಪ್ರಾಜೆಕ್ಟ್ ಮುಗಿದ ದಿನವೇ ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಶಾಮ್‌ಬರ್ಗಿನಲ್ಲಿದ್ದ ಹೆಂಡತಿಯ ತಮ್ಮ ದಿನಾ ಫೋನ್ ಮಾಡಿ ಸಲಹೆ ಕೊಡುತ್ತಿದ್ದ. "ಭಾವಾ, ಕಾರಿಂದ್ ಮುಗೀತ್ ಬಿಡ್ರಿ. ಐಟಿಗೆ ಬರ್ರಿ. ನಾ ನೋಡ್ರಿ, ಎಷ್ಟ್ ಆರಾಮ್ ಅದೀನಿ." ಅವನು ಆರಾಮಾಗಿದ್ದದ್ದು ನಿಜ. ನಾಲ್ಕು ತಿಂಗಳಿಂದ ಮಾಡಲು ಕೆಲಸವಿಲ್ಲದೆ ಬೆಂಚಿನ ಮೇಲಿದ್ದ. ಅರೋರಾದ ಬಾಲಾಜಿ ಗುಡಿಯಲ್ಲಿ ಇಬ್ಬರ ಹೆಸರಿನಲ್ಲೂ ಅರ್ಚನೆ ಮಾಡಿಸಿದ್ದನಂತೆ, ಮೊದಲು ತನ್ನದು.

ನನ್ನ ಸೇನಾಪತಿ ಅಂಥಿಂಥವನಲ್ಲ. ಕುದುರೆಗಿಂತ ಮೊದಲು ಅವನಿಗೆ ಎಕ್ಸೆಲ್ ಕೊಟ್ಟೆ. ಪ್ರತಿ ರಾಜ್ಯಕ್ಕೂ ಒಂದು ಸಾಲು, ಪ್ರತಿ ಸಾಲಿಗೂ ಒಂದು ಬಣ್ಣ: ಗೆದ್ದದ್ದು ಹಸಿರು, ಮಾತುಕತೆಯಲ್ಲಿರುವುದು ಹಳದಿ, ಕೈಗೆ ಸಿಗದ್ದು ಕೆಂಪು. ಮಿಲಾನ್ ಮೊದಲ ದಿನವೇ ಹಸಿರಾಯಿತು. ನಮ್ಮ ಕನ್ನಡ ಕೂಟದ ಯುಗಾದಿ ಊಟಕ್ಕೆ ಬಿಸಿಬೇಳೆಬಾತೋ ಜೋಳದ ರೊಟ್ಟಿಯೋ ಎಂದು ತೀರ್ಮಾನಿಸಲು ಮೂರು ಮೀಟಿಂಗ್ ಹಿಡಿದಿತ್ತು. ನನ್ನ ಸೇನಾಪತಿ ವೆನಿಸಿನ ವರ್ತಕರನ್ನು ಒಂದೇ ಮಧ್ಯಾಹ್ನ ಒಪ್ಪಿಸಿದ. ನೇಪಲ್ಸ್ ಮಾತ್ರ ಜಪ್ಪಯ್ಯ ಎಂದರೂ ಬಗ್ಗಲಿಲ್ಲ.

"ಅಪ್ಪ, ಇಟ್ಸ್ ಮೈ ಪ್ರಾಜೆಕ್ಟ್" ಎಂದು ಮಗಳು ಎರಡು ಸಲ ಹೇಳಿದಳು.

"ನಿಂದೇ ಪುಟ್ಟಿ. ನಾನು ಬರೀ ಹೆಲ್ಪ್ ಮಾಡ್ತಿದೀನಿ" ಎಂದೆ. ನಿಜ ಹೇಳಬೇಕೆಂದರೆ, ಮೂರು ವಾರಗಳಲ್ಲಿ ನನ್ನ ಮಾತಿಗೆ ಬೆಲೆ ಇದ್ದ ಜಾಗ ಅದೊಂದೇ. ಬಿಟ್ಟುಕೊಡಲು ಮನಸ್ಸಿರಲಿಲ್ಲ.

ನೇಪಲ್ಸಿಗೆ ಕಾಯದೆ ಆಡಳಿತ ಸುಧಾರಣೆಗೆ ಕೈ ಹಾಕಿದೆ. ಒಂದೇ ದೇಶಕ್ಕೆ ನಾಲ್ಕು ಟಂಕಸಾಲೆ ಏಕೆ? ಒಂದು ಸಾಕು. ಗಡಿಯೇ ಇಲ್ಲದ ಮೇಲೆ ಸುಂಕದ ಕಟ್ಟೆಗಳೇಕೆ? ಎಲ್ಲವನ್ನೂ ಒಂದೇ ಪ್ಯಾರಾದಲ್ಲಿ ಮುಚ್ಚಿಸಿದೆ. "ಸುಂಕದವರ ಇಷ್ಟು ವರ್ಷಗಳ ಸೇವೆಗೆ ಕೃತಜ್ಞತೆಗಳು. ಅವರ ಹುದ್ದೆಗಳ ಅಗತ್ಯ ಇನ್ನಿಲ್ಲ" ಎಂದು ಸೇನಾಪತಿಯ ಬಾಯಲ್ಲಿ ಘನವಾದ ಇಂಗ್ಲಿಷಿನಲ್ಲಿ ಹೇಳಿಸಿದೆ. ಬರೆದಾಗ ಎಂಥ ಹಿತವಾಯಿತು!

ಮಗಳು ಓದಿದಳು. "ವೇರ್ ಡು ದೇ ಗೋ, ಅಪ್ಪ?"

"ಯಾರು?"

"ಆ ಗೇಟ್ ಪೀಪಲ್."

"ಅವರಿಗೇನು, ಬೇರೆ ಕೆಲಸ ಸಿಗುತ್ತೆ. ಈಗ ದೊಡ್ಡ ದೇಶ ಅಲ್ವಾ?"

ಅವಳು ನನ್ನ ಶರ್ಟಿನ ಕಾಲರನ್ನೇ ಸ್ವಲ್ಪ ಹೊತ್ತು ನೋಡಿ, ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡಳು.

ರಜೆ ಮುಗಿದ ಮೇಲಿನ ಶನಿವಾರ ಬೆಳಿಗ್ಗೆ ಶಾಲೆಯ ಜಿಮ್ಮಿನಲ್ಲಿ ಎಲ್ಲ ಮಕ್ಕಳ ಪ್ರಾಜೆಕ್ಟುಗಳನ್ನು ಇಟ್ಟಿದ್ದರು. ನನ್ನ ಬಣ್ಣದ ಚಾರ್ಟು ಬೋರ್ಡಿನ ನಡುವೆ ಮೆರೆಯುತ್ತಿತ್ತು. ಆದರೆ ಸುಂಕದ ಕಟ್ಟೆಯ ಪ್ಯಾರಾ ಕಾಣಲಿಲ್ಲ. ಅದರ ಮೇಲೆ ಮಗಳು ಕೈಯಲ್ಲಿ ಬರೆದ ಒಂದು ಹಾಳೆ ಅಂಟಿಸಿದ್ದಳು. ಟೀಚರ್ ಕೇಳಿದಾಗ ಇಂಗ್ಲಿಷಿನಲ್ಲಿ ಅದನ್ನೇ ಓದಿದಳು. ಅದು ಹೀಗಿತ್ತು: ಫ್ಲಾರೆನ್ಸಿನ ದಾರಿಯಲ್ಲಿ ಒಬ್ಬ ಕಾವಲುಗಾರನಿದ್ದ. ಹನ್ನೊಂದು ವರ್ಷ ಬಾಗಿಲು ಕಾದವನು. ದೇಶ ಒಂದಾದ ದಿನ ಅವನ ಕೆಲಸ ಹೋಯಿತು. ಆದರೂ ದಿನಾ ಬೆಳಿಗ್ಗೆ ಕಾವಲಿನ ಅಂಗಿ ತೊಟ್ಟು ಮನೆಯಲ್ಲಿ ಕೂರುತ್ತಾನೆ. ಮಗಳು ಏನೂ ಕೇಳುವುದಿಲ್ಲ. ಕೇಳಿದರೆ ಅವನು ಆ ಅಂಗಿ ಬಿಚ್ಚಬೇಕಾಗುತ್ತದೆ.

ನನ್ನ ಕಡೆ ತಿರುಗಿಯೂ ನೋಡದೆ ಓದಿದಳು. ಆಗ ನೆನಪಾಯಿತು, ಸೇನಾಪತಿಯ ಆ ಘನವಾದ ವಾಕ್ಯ ನಾನು ಬರೆದದ್ದಲ್ಲ. ಕೆಲಸದಿಂದ ತೆಗೆದಾಗ ನನಗೆ ಕೊಟ್ಟ ಕಾಗದದಲ್ಲಿದ್ದದ್ದು, ಓದಿ ಓದಿ ಬಾಯಿಪಾಠವಾಗಿತ್ತು. ಅದನ್ನೇ ಇಡೀ ಇಟಲಿಗೆ ಹಂಚಿದ್ದೆ.

ಮನೆಗೆ ವಾಪಸ್ ಡ್ರೈವ್ ಮಾಡುವಾಗ ಹೆಂಡತಿ ಬೇಕೆಂತಲೇ ಮಗಳನ್ನು ನನ್ನ ಪಕ್ಕ ಕೂರಿಸಿ, ತಾನು ಹಿಂದಿನ ಸೀಟಿನಲ್ಲಿ ಕೂತು ಕಿಟಕಿಯ ಕಡೆ ಮುಖ ತಿರುಗಿಸಿದಳು. ಹೆದ್ದಾರಿಯಿಂದ ಮನೆ ಕಡೆ ತಿರುಗುವ ನಮ್ಮ ಎಕ್ಸಿಟ್ ಇನ್ನೂ ಎರಡು ಮೈಲಿ ಇತ್ತು.

"ಪುಟ್ಟಿ, ಅಪ್ಪನ ಕೆಲಸ ಹೋಗಿದೆ."

"ಐ ನೋ, ಅಪ್ಪ."

"ಗೊತ್ತು ಅಂತ ಮೊದಲೇ ಹೇಳಬಾರ್ದಿತ್ತಾ?"

"ಹೇಗೆ ಹೇಳ್ಲಿ?" ಎಂದಳು. "ಯು ವರ್ ಸೋ ಬ್ಯುಸಿ. ನೇಪಲ್ಸ್ ಇನ್ನೂ ರೆಡ್ ಇತ್ತಲ್ಲ."