ಒಣಹಾಕಿದ ಬಾವುಟ

ನೌಕಾಪಡೆಯ ಹೊಲಿಗೆಮನೆಯಲ್ಲಿ ಅವಳ ಕೈಚಳಕದ ಬಗ್ಗೆ ಎರಡು ಮಾತಿರಲಿಲ್ಲ. ಹಡಗುಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಏರಿಸುವ ಬಣ್ಣಬಣ್ಣದ ಬಾವುಟಗಳನ್ನೂ ನಾಲಗೆಯಂತೆ ನೀಳವಾದ ಪತಾಕೆಗಳನ್ನೂ ಹೊಲಿಯುತ್ತಿದ್ದಳು. ಯಾವುದಕ್ಕೆ ಏನರ್ಥವೆಂದು ಮಾತ್ರ ಯಾರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

ಒಂದು ಬೆಳಿಗ್ಗೆ, ಬಿಳಿಯ ಮೇಲೆ ಎರಡು ಕೆಂಪು ಪಟ್ಟಿಗಳು ಕತ್ತರಿಯಂತೆ ಹಾಯ್ದಿದ್ದ ಬಾವುಟದ ಮೇಲೆ ಚಹಾ ಚೆಲ್ಲಿಕೊಂಡಳು. ತೊಳೆದು ತಾರಸಿಗೆ ಒಯ್ದರೆ ಹಗ್ಗದಲ್ಲಿ ಜಾಗವಿಲ್ಲ. ಪಕ್ಕದ ಖಾಲಿ ಕಂಬಕ್ಕೇ ಏರಿಸಿ ಬಂದಳು.

ಅದು ಅರ್ಧ ಒಣಗುವಷ್ಟರಲ್ಲಿ, ಬಂದರಿನಲ್ಲಿ ನಿಂತಿದ್ದ ಹಡಗಿನಿಂದ ದೋಣಿಯೊಂದು ಬಂತು. ನಾವಿಕನೊಬ್ಬ ಔಷಧಿಪೆಟ್ಟಿಗೆ ಹಿಡಿದು ಏದುಸಿರು ಬಿಡುತ್ತ ಒಳಗೆ ನುಗ್ಗಿದ.

"ಯಾರಿಗೆ ಏನಾಯ್ತು?"

"ಯಾರಿಗೂ ಏನೂ ಆಗಿಲ್ವಲ್ಲ," ಎಂದಳು ಅವಳು.

"ಮತ್ತೆ ಸಹಾಯ ಬೇಕು ಅಂತ ಬಾವುಟ ಹಾರಿಸಿದ್ದೀರಲ್ಲ?"

"ಅಯ್ಯೋ, ಅದು ಒಗೆದು ಒಣಹಾಕಿದ್ದು ಕಣ್ರೀ."

ಹೊಲಿಗೆಮನೆಯ ಹೆಂಗಸರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅವರಲ್ಲಿ ಹಿರಿಯಳಾದ ದೊಡ್ಡಕ್ಕ, "ಬಂದಿದ್ದು ಬಂದೆ, ಇವಳಿಗೆ ಒಂದೊಂದರ ಅರ್ಥಾನೂ ಹೇಳಿಕೊಟ್ಟು ಹೋಗಪ್ಪ," ಎಂದಳು.

ಪಾಠ ಅಂದೇ ಮುಗಿಯಲಿಲ್ಲ. ಹಡಗು ಬಂದರಿನಲ್ಲಿದ್ದಾಗಲೆಲ್ಲ ಅವನು ಏನಾದರೂ ನೆಪ ಹೂಡಿ ಬರತೊಡಗಿದ. ಕೊನೆಗೊಂದು ದಿನ, ಅರ್ಧ ಹಳದಿ ಅರ್ಧ ನೀಲಿಯ ಬಾವುಟವನ್ನು ಮೇಜಿನ ಮೇಲೆ ಹರಡಿ ಅವಳೆದುರು ಕುಳಿತ.

"ಇದಕ್ಕೇನರ್ಥ?" ಎಂದು ಅವಳೇ ಕೇಳಿದಳು.

"ನಿಮ್ಮ ಜೊತೆ ಮಾತಾಡ್ಬೇಕು ಅಂತ."

"ಆಡಿ, ಯಾರು ಬೇಡ ಅಂದ್ರು?"

ಅವನು ಆಡಿದ. ಅವಳು ಕಿವಿಯವರೆಗೂ ಕೆಂಪಾಗಿ, ಸೂಜಿಗೆ ದಾರ ಪೋಣಿಸಲು ಹೋಗಿ ಸೋತು, ಹೂಂ ಎಂದಳು. ಮದುವೆ ಕುದುರಿಸಿದ್ದು ತಾನೇ ಎಂದು ದೊಡ್ಡಕ್ಕ ಇವತ್ತಿಗೂ ಬೀಗುತ್ತಾಳೆ.